ಕಣಕಾಲಿನ ಬಿರುಕು

ಸವದತ್ತಿ ರಸ್ತೆಯಲ್ಲಿ ಓಡುತ್ತಿದ್ದಾಗ ಬಲ ಕಣಕಾಲಿನ ಒಂದೇ ಜಾಗ ನೋಯತೊಡಗಿತು. ಬೆರಳಗಲದ ಜಾಗ. ನಿಂತರೆ ಇಲ್ಲ. ಓಡಿದರೆ ಇದೆ.

ಅದು ಎಪ್ಪತ್ತರ ದಶಕ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ ರಾಮದುರ್ಗದ ಮನೆಗೆ ಮರಳಿದ್ದೆ. ಧಾರವಾಡದಲ್ಲಿ ಹುಡುಗಿಯರಿಗೂ ಲಾಂಗ್ ಡಿಸ್ಟನ್ಸ್ ರೇಸ್ ಇಟ್ಟಿದ್ದಾರೆಂದು ತಿಳಿದದ್ದೇ ಅಪ್ಪ ನನ್ನ ಹೆಸರು ಕೊಟ್ಟುಬಿಟ್ಟರು. ಹರೆಯದಲ್ಲಿ ಗರಡಿಮನೆಯ ಪೈಲ್ವಾನರಾಗಿದ್ದವರು. ನಾನು ಓಡಿದರೆ ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದರು.

"ಪಾಪ, ಬಸ್ ತಪ್ಪೇತಿ ಅಂತ ಡ್ರೈವರ್ ನಿಲ್ಲಿಸಿದ್ರ ಹತ್ತಲೇ ಇಲ್ಲಂತ ಇಕಿ!" ಎಂದು ಅಜ್ಜಿ ಓಣಿಗೆಲ್ಲ ಹೇಳಿ ನಗುತ್ತಿದ್ದಳು.

ನೋವಿನ ಮಾತು ಎತ್ತಿದಾಗ ಅಪ್ಪ ಗಾಬರಿಯಾಗಲಿಲ್ಲ. "ಹೊಸಾ ಮೈ, ನೋಯೂದ ಅವ್ವಾ. ಬೈಠಕ್ ಹೊಡಿ, ಹೋಗತೈತಿ." ಗರಡಿಯ ಪದ್ಧತಿಯೇ ಅದು. ಬಿಸಿ ಎಣ್ಣೆ ಹಾಕಿ ನೋವಿದ್ದ ಜಾಗವನ್ನೇ ಹೆಬ್ಬೆರಳಿನಿಂದ ತಿಕ್ಕುವುದು, ಮೇಲೆ ದುಪ್ಪಟ್ಟು ಬೈಠಕ್, ಅಂದರೆ ಬಸ್ಕಿ. ಕಾನ್ವೆಂಟಿನ ಸಿಸ್ಟರ್ ಕೂಡ ಮಂಡಿ ತರಚಿದಾಗಲೆಲ್ಲ "ಆಫರ್ ಇಟ್ ಅಪ್, ಚೈಲ್ಡ್" ಎನ್ನುತ್ತಿದ್ದರು. ನೋವನ್ನು ದೇವರಿಗೆ ಅರ್ಪಿಸು, ಅಳಬೇಡ. ಗರಡಿಯೂ ಕಾನ್ವೆಂಟೂ ಒಂದೇ ಮಾತು ಹೇಳಿದ ಮೇಲೆ ನಾನು ಇನ್ಯಾರನ್ನು ಕೇಳಲಿ?

ಕೂತಲ್ಲಿ ನಿಂತಲ್ಲಿ ಆ ಜಾಗವನ್ನು ಒತ್ತಿ ನೋಡುವುದೇ ಕೆಲಸವಾಯಿತು. ನಿನ್ನೆಗಿಂತ ಕಡಿಮೆಯೇ? ಹೆಚ್ಚೇ? ರೇಸ್ ಹತ್ತಿರ ಬರುತ್ತಿತ್ತು. ಚಹಾ ಸೋಸುವಾಗಲೂ ಮನಸ್ಸು ಕಾಲಿನಲ್ಲೇ.

ಒಂದು ಬೆಳಿಗ್ಗೆ ಕಾಲು ಊರಲಾಗಲಿಲ್ಲ.

ಬೆಳಗಾವಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. "ಸ್ಟ್ರೆಸ್ ಫ್ರ್ಯಾಕ್ಚರ್. ಎಲುಬಿನಾಗ ಕೂದಲೆಳಿಯಂಥಾ ಬಿರುಕು." ಆಮೇಲೆ ನೀಲಿಗಟ್ಟಿದ ಚರ್ಮ ನೋಡಿದರು. "ಹಿಂಗ ತಿಕ್ಕಿದವರು ಯಾರ್ರೀ?"

"ನಾನರೀ," ಎಂದರು ಅಪ್ಪ. ಅಷ್ಟು ದೊಡ್ಡ ಕೈಗಳನ್ನು ಎಲ್ಲಿಡಬೇಕೋ ಅವರಿಗೆ ತಿಳಿಯಲಿಲ್ಲ.

"ಬಟ್ ಡಾಕ್ಟರ್, ದ ರೇಸ್?" ಎಂದೆ.

"ಯಾವ ರೇಸ್? ಮೊದಲ ನಡೀಲಿಕ್ಕೆ ಬರಲಿ."

ಪ್ಲಾಸ್ಟರ್ ಬಿತ್ತು. ಸ್ನಾನಕ್ಕೂ ಅಮ್ಮ ಬೇಕು. ಮತ್ತೆ ಓಡುವೆನೋ, ಕುಂಟುವೆನೋ. ಕೇಳಲು ಭಯ, ಕೇಳದಿರಲೂ ಭಯ. ರೇಸಿನ ದಿನ ಅಪ್ಪ ನನ್ನ ಹಾಸಿಗೆಯ ಪಕ್ಕ ಕೂತು ಶೇಂಗಾ ಸುಲಿದರು. ತಿನ್ನಲಿಲ್ಲ.

"ನಿನಗ ನೋಯತಿತ್ತು. ನಾ ತಿಕ್ಕಿದೆ."

"ನನಗೂ ಓಡೂದಿತ್ತಲ್ಲಪ್ಪಾ."

ಅಂದು ನಾವಿಬ್ಬರೂ ಅತ್ತೆವು. ಯಾರಿಗೂ ಅರ್ಪಿಸದೆ, ಸುಮ್ಮನೆ.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದದ್ದು ಯಾರದೋ ಕಾಲು. ಸಣಕಲು, ಹೊಟ್ಟು ಹೊಟ್ಟು. ನಡೆಯುವುದನ್ನೇ ಹೊಸದಾಗಿ ಕಲಿತೆ. ಕೆಲವು ವಾರಗಳ ನಂತರ ಮಲಪ್ರಭೆಯ ಕಡೆಗೆ ಅಪ್ಪನೊಡನೆ ಹೊರಟವಳು, ತಡೆಯಲಾರದೆ ನಾಲ್ಕು ಹೆಜ್ಜೆ ಓಡಿಬಿಟ್ಟೆ. ಏನೋ ಚುಳ್ಳೆಂದಂತಾಯಿತು. ನೋವೋ, ಬರೀ ಅಂಜಿಕೆಯೋ? ಮೊದಲಾಗಿದ್ದರೆ ತಿಳಿಯುವುದಕ್ಕಾಗಿಯೇ ಇನ್ನಷ್ಟು ಓಡುತ್ತಿದ್ದೆ.

"ಇವತ್ತಿಗೆ ಸಾಕಪ್ಪಾ."

ನನಗಿಂತ ಮೊದಲು ಅಪ್ಪನೇ ಮನೆಯ ಕಡೆ ತಿರುಗಿದರು. ನನ್ನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ನಿಧಾನವಾಗಿ ನಡೆದರು.