ಶೂನ್ಯಮಾಸದ ಸಿಂಗಲ್ಸ್ ಟ್ರಿಪ್

ಎರಡು ವರ್ಷದ ಹಿಂದಿನ ಡಿಸೆಂಬರ್. ಪ್ರವಾಸ ಏರ್ಪಡಿಸುವ ಕೆಲಸಕ್ಕೆ ಇಳಿದು ಅಷ್ಟರಲ್ಲಿ ನನಗೆ ಕಾಲು ಶತಮಾನ ದಾಟಿತ್ತು. ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮದು ಸಣ್ಣ ಆಫೀಸು. ಒಂದು ಮೇಜು ನನ್ನದು, ಇನ್ನೊಂದು ಪಾಲುದಾರ ಶ್ರೀಧರನದು. ಕಾಶಿ, ರಾಮೇಶ್ವರ, ಚಾರ್‌ಧಾಮ್, ಶಾಲಾ ಮಕ್ಕಳ ಬೇಲೂರು ಹಳೇಬೀಡು, ಇವನ್ನೆಲ್ಲ ನಾನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಯಾವ ಊರಿನ ಯಾವ ಲಾಡ್ಜಿನಲ್ಲಿ ಬೆಳಿಗ್ಗೆ ಬಿಸಿನೀರು ಬರುವುದಿಲ್ಲ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಇಷ್ಟೆಲ್ಲ ತಿಳಿದವಳು ಆ ತಿಂಗಳು ಒಂದೇ ಒಂದು ಊರು ಆರಿಸಲಾಗದೆ ಒದ್ದಾಡಿಬಿಟ್ಟೆ. ನೆನೆದರೆ ಈಗಲೂ ತಲೆ ಗಿರ್ರೆನ್ನುತ್ತದೆ.

ಶುರು ಮಾಡಿದ್ದು ಶ್ರೀಧರ. ನನಗಿಂತ ಹತ್ತು ವರ್ಷ ಚಿಕ್ಕವನು, ಸದಾ ಯಾವುದಾದರೂ ಹೊಸದರ ಹಿಂದೆ ಬಿದ್ದಿರುತ್ತಾನೆ. ಒಂದು ದಿನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಬಾಗಿಲ ಮುಂದೆ ಬೋರ್ಡು ನಿಲ್ಲಿಸಿದ್ದ: "ಸಿಂಗಲ್ಸ್ ಸ್ಪೆಷಲ್! ಬೆಚ್ಚನೆಯ ಊರು! ಬಣ್ಣದ ರಾತ್ರಿಗಳು! ಜನವರಿ ಮೊದಲ ವಾರ."

"ಬಣ್ಣದ ರಾತ್ರಿಗಳು ಅಂದ್ರೇನೋ?" ಅಂದೆ.

"ನೈಟ್ ಲೈಫ್ ಅಕ್ಕ. ಕನ್ನಡದಲ್ಲಿ ಇನ್ನೇನಂತ ಬರೀಲಿ?"

"ಊರು ಯಾವುದು?"

"ಅದನ್ನ ನೀವು ಆರಿಸಿ ಸುಧಕ್ಕ. ಅದು ನಿಮ್ಮ ಡಿಪಾರ್ಟ್‌ಮೆಂಟು."

ಊರಿಲ್ಲದ ಊರಿಗೆ ಬೋರ್ಡು ಹಾಕಿ ಕೂತಿದ್ದ ಮಹರಾಯ. ಚೆನ್ನಾಗಿ ಬೈದೆ. ಆದರೆ ಬೋರ್ಡು ತೆಗೆಸಲಿಲ್ಲ. ಧನುರ್ಮಾಸದಲ್ಲಿ ನಮಗೆ ವ್ಯಾಪಾರ ಕಡಿಮೆ. ಶುಭಕಾರ್ಯಗಳಿಲ್ಲದ ಈ ತಿಂಗಳನ್ನು ನಮ್ಮ ಕಡೆ ಶೂನ್ಯಮಾಸ ಎಂದೇ ಕರೆಯುತ್ತಾರೆ. ಮದುವೆಗಳಿಲ್ಲ, ಆದ್ದರಿಂದ ಹನಿಮೂನುಗಳೂ ಇಲ್ಲ.

ನಮ್ಮ ಕಸುಬಿನಲ್ಲಿ 'ಸಿಂಗಲ್' ಎಂದರೆ ಮನುಷ್ಯನಲ್ಲ, ಕೋಣೆ. ಹೋಟೆಲಿನ ಲೆಕ್ಕವೆಲ್ಲ ಕೋಣೆಗೆ ಇಬ್ಬರಂತೆ ನಡೆಯುತ್ತದೆ. ಒಬ್ಬರೇ ಇರುತ್ತೇವೆ ಎಂದರೆ ಮೇಲೆ ಕೊಡಬೇಕು. ಅದಕ್ಕೆ ಸಿಂಗಲ್ ಸಪ್ಲಿಮೆಂಟ್ ಎನ್ನುತ್ತೇವೆ. 'ಸಿಂಗಲ್' ಎಂಬ ಪದವನ್ನು ನಾನು ದಿನಕ್ಕೆ ಹತ್ತು ಸಲ ಬಳಸುತ್ತಿದ್ದೆ. ಜನ ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ತಿಳಿದಿದ್ದು ಆ ಬೋರ್ಡಿನ ದೆಸೆಯಿಂದ. ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ ಎಂದು ಶ್ರೀಧರ ಕಾದ. ಬಂದವರು ಅವರ ತಂದೆ ತಾಯಂದಿರು. ಒಂಟಿಕೊಪ್ಪಲ್‌ನಿಂದ ಬಂದ ರಿಟೈರ್ಡ್ ಮೇಷ್ಟ್ರೊಬ್ಬರು ಟ್ರಿಪ್‌ಗೆ ಬರುವ ಗಂಡುಗಳ ಗೋತ್ರ ಕೇಳಿದರು. "ಸರ್, ಇದು ಪ್ರವಾಸ" ಎಂದರೆ, "ಗೊತ್ತಾಯ್ತಮ್ಮ, ಪ್ರವಾಸ ಅಂತಲೇ ಗೋತ್ರ ಕೇಳ್ತಿರೋದು" ಅಂದರು. ಮೈಸೂರಿನಲ್ಲಿ ಸಿಂಗಲ್ ಎಂದರೆ ಮದುವೆ ಬಾಕಿ ಇರುವವರು, ಅಷ್ಟೇ.

ಆ ವಾರದಲ್ಲೇ ಒಂದು ಬೆಳಿಗ್ಗೆ ಕೆಸರೆಯಿಂದ ಚಿಕ್ಕತಾಯಮ್ಮ ಬಂದರು. ಅರವತ್ತು ದಾಟಿದ ಹೆಂಗಸು, ಗಟ್ಟಿ ದನಿ. ಗಂಡ ಹೋದ ಮೇಲೆ ಅವರು ಬಿಟ್ಟುಹೋದ ಶಾಮಿಯಾನ ಅಂಗಡಿಯನ್ನು ತಾವೇ ನಡೆಸಿ, ಮಗ ದೊಡ್ಡವನಾದ ಮೇಲೆ ಅವನ ಕೈಗೆ ಕೊಟ್ಟವರು. ಮಗ ಮಾದೇಶನಿಗೆ ಮೂವತ್ತೊಂಬತ್ತು. ಮದುವೆ ಮನೆಗಳ ಪೆಂಡಾಲು, ಸ್ಟೇಜು, ಸೀರಿಯಲ್ ಸೆಟ್ಟಿನ ದೀಪಾಲಂಕಾರ ಎಲ್ಲ ಅವನದೇ ಕೆಲಸ. ಅವನಿಗೇ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ.

"ಏನವ್ವಾ, ಈ ಸಿಂಗಲ್ಸು ಅಂದ್ರೆ ಯಾರ್ಯಾರು?" ಎಂದು ಕೇಳಿದರು.

"ಜೋಡಿ ಇಲ್ಲದವರು ಅಮ್ಮ. ಒಬ್ಬೊಬ್ಬರೇ ಇರೋರು."

"ಓ, ಅಂಗಾ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಣ್ಣದ ರಾತ್ರಿ ಅಂದ್ರೆ ನಮ್ ದಸರಾ ಲೈಟಿಂಗ್ ತರಾನಾ?"

ನಮ್ಮ ಊರಿಗೆ ಗೊತ್ತಿರುವ ರಾತ್ರಿ ಜೀವನ ಅದೊಂದೇ. ಒಂಥರಾ ಹಾಗೇ ಅಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ ಮಾದೇಸನ್ನ ಕಳ್ಸ್ತಿವ್ನಿ. ಶೂನ್ಯಮಾಸದಲ್ಲಿ ಎಣ್ಣು ನೋಡೋ ಶಾಸ್ತ್ರ ಮಾಡಂಗಿಲ್ಲ. ಇದಾದ್ರೆ ಶಾಸ್ತ್ರ ಅಲ್ವಲ್ಲ, ಸುಮ್ನೆ ಗುರ್ತು ಪರಿಚಯ. ನೀವೂ ಜೊತೇಲಿರ್ತೀರಿ. ಯಾವ್ ಎಣ್ಮಗು ಅವನ ಜೊತೆ ನಗ್ತಾ ಮಾತಾಡ್ತು ಅಂತ ನೋಡಿ ನಂಗೊಂದ್ ಫೋನ್ ಮಾಡ್ಬುಡಿ. ಆದ್ರೆ ನಾನು ಬಂದಿದ್ದು ಅವನ್ಗೆ ಏಳ್ಬೇಡಿ ಕಣವ್ವ, ಸಿಟ್ಟು ಮಾಡ್ಕತಾನೆ. ನನ್ ಅಳೀನ ಕೈಲಿ ಈ ಬೋರ್ಡಿನ ಫೋಟೋ ಅವನ ಫೋನಿಗೆ ಹಾಕ್ಸಿವ್ನಿ. ಅವನಾಗೇ ಬಂದಂಗೆ ಬತ್ತಾನೆ, ನೋಡ್ತಿರಿ."

ಅವರ ಮಾತು ಸುಳ್ಳಾಗಲಿಲ್ಲ. ಅದೇ ಸಂಜೆ ಮಾದೇಶ ಬಂದ. ದಪ್ಪ ಮೀಸೆ, ಮೆಲು ಮಾತು. ಕೂರುವ ಮುಂಚೆ ತಲೆಯೆತ್ತಿ ನಮ್ಮ ಟ್ಯೂಬ್‌ಲೈಟ್ ನೋಡಿ, "ಚೋಕು ಹೋಗಿದೆ ಮೇಡಂ" ಅಂದ.

"ನಾನಿಲ್ಲಿಗೆ ಬಂದಿದ್ದು ನಮ್ಮವ್ವಂಗೆ ಗೊತ್ತಾಗ್ಬಾರ್ದು. ಲೈಟ್ ಸಾಮಾನು ತರಕ್ಕೆ ಹೋಗ್ತೀನಿ ಅಂತ ಹೇಳ್ತೀನಿ."

ಬೆಳಿಗ್ಗೆ ತಾಯಿ ಕೂತಿದ್ದ ಅದೇ ಕುರ್ಚಿ. ಶ್ರೀಧರ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ನಗು ತಡೆಯಲಾಗದೆ ಹೋದನೆಂದು ನನಗೆ ಗೊತ್ತು. ನನಗೆ ನಗು ಬರಲಿಲ್ಲ, ಗಾಬರಿಯಾಯಿತು.

"ನಿಮಗೆ ಎಂಥಾ ಊರು ಬೇಕು?" ಎಂದು ಕೇಳಿದೆ.

"ಬೆಚ್ಚಗಿರ್ಬೇಕು ಮೇಡಂ. ಕಾರ್ತಿಕ ಪೂರ್ತಿ ಇಬ್ಬನಿಯಲ್ಲಿ ನಿಂತು ಲೈಟ್ ಬಿಚ್ಚಿ ಮೈಯೆಲ್ಲ ಹಿಡ್ಕೊಂಡಿದೆ. ಆಮೇಲೆ..." ಎಂದು ತಡವರಿಸಿದ. "ಯಾರೂ 'ನಿಂದ್ಯಾವಾಗಪ್ಪ' ಅಂತ ಕೇಳ್ಬಾರ್ದು. ಪ್ರತಿ ಮದುವೆ ಮನೇಲೂ ಕೇಳ್ತಾರೆ. ಏಣಿ ಮೇಲೆ ನಿಂತಿದ್ರೂ ಕೆಳಗಿಂದ ಕೂಗಿ ಕೇಳ್ತಾರೆ. ಮದುವೆ ಮಾತೇ ಇಲ್ಲದ ಊರು ಯಾವುದಾದ್ರೂ ಇದ್ರೆ ಹೇಳಿ. ಅಲ್ಲಿ ಬೇರೆ ಯಾರೋ ಹಾಕಿದ ಲೈಟ್ ಕೆಳಗೆ ಸುಮ್ನೆ ಕೂರ್ಬೇಕು."

ಕೋಣೆ ಒಬ್ಬನಿಗೇ ಬೇಕೆಂದ. ಸಿಂಗಲ್ ಸಪ್ಲಿಮೆಂಟ್ ಏನೆಂದು ವಿವರಿಸಿದೆ. "ಒಬ್ನೇ ಇರೋದಕ್ಕೂ ಮೇಲೆ ಕೊಡ್ಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಪ್ಪಿಕೊಂಡ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಒಂದೇ ಟ್ರಿಪ್ಪು, ಒಂದೇ ಸೀಟು. ತಾಯಿಗೆ ಅದರಿಂದ ಸೊಸೆ ಬರಬೇಕು. ಮಗನಿಗೆ ಮದುವೆಯ ಮಾತಿನಿಂದಲೇ ನಾಲ್ಕು ದಿನ ಬಿಡುಗಡೆ ಬೇಕು. ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟಾಗಿತ್ತು. ಗ್ರಾಹಕರ ವಿಷಯ ಇನ್ನೊಬ್ಬರಿಗೆ ಹೇಳಬಾರದೆಂಬುದು ನಮ್ಮ ಕಸುಬಿನ ನಿಯಮ. ಇಬ್ಬರು ಗ್ರಾಹಕರೂ ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಸಾರು ಉಣ್ಣುವವರಾದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಊರು ಆರಿಸಲು ಕೂತೆವು. ಶ್ರೀಧರ ಗೋವಾ ಅಂದ. ತಾಯಿಗೆ ಫೋನ್ ಮಾಡಿದೆ: "ಕುಡಿಯೋರ ಊರು ಕಣವ್ವ, ಒಳ್ಳೆ ಮನೆ ಎಣ್ಮಕ್ಳು ಅಲ್ಲಿಗೆ ಬರಾಕಿಲ್ಲ." ಮಗನಿಗೆ ಮಾಡಿದೆ: "ಬೇಡಿ ಮೇಡಂ, ಅಲ್ಲೀಗ ಡೆಸ್ಟಿನೇಷನ್ ವೆಡ್ಡಿಂಗ್ ಸೀಸನ್ನು." ಅಂದರೆ ದುಡ್ಡಿದ್ದವರು ನೆಂಟರನ್ನೆಲ್ಲ ಕಟ್ಟಿಕೊಂಡು ಸಮುದ್ರದ ದಡಕ್ಕೇ ಹೋಗಿ ಮದುವೆಯಾಗುವುದು. ಹೊರದೇಶವೆಂದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನಕ್ಕೆ ಪಾಸ್‌ಪೋರ್ಟ್ ಇರಲಿಲ್ಲ. ಕೊನೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾಗ ಹೊಳೆಯಿತು. ನಮ್ಮ ಧನುರ್ಮಾಸವೇ ತಮಿಳರ ಮಾರ್ಗಳಿ. ಅವರೂ ಆ ತಿಂಗಳು ಮದುವೆ ಮಾಡುವುದಿಲ್ಲ. ಹಾಗಾದರೆ ಪಾಂಡಿಚೇರಿ! ಜನವರಿಗೆ ಮಳೆ ಮುಗಿದಿರುತ್ತದೆ, ಚಳಿ ಇರುವುದಿಲ್ಲ. ಸಂಜೆಯಾದರೆ ಸಮುದ್ರದ ಪಕ್ಕದ ರಸ್ತೆಗೆ ವಾಹನ ಬಿಡುವುದಿಲ್ಲ, ಊರೆಲ್ಲ ನಡೆಯುತ್ತಿರುತ್ತದೆ. ಕುಣಿಯುವವರಿಗೆ ಪಬ್ಬುಗಳಿವೆ, ಕೂರುವವರಿಗೆ ಕಲ್ಲುಗಳಿವೆ.

"ಪಂಚಾಂಗ ನೋಡಿ ನೈಟ್ ಲೈಫ್ ಆರಿಸಿದೋರು ನೀವೊಬ್ರೇ ಸುಧಕ್ಕ" ಎಂದ ಶ್ರೀಧರ.

ಮಾದೇಶ ಕೂಡಲೇ ಒಪ್ಪಿದ. ಚಿಕ್ಕತಾಯಮ್ಮ, "ಪಾಂಡಿಚೇರೀಲಿ ಯಾವ್ ದೇವ್ರೈತೆ?" ಎಂದು ಕೇಳಿದರು. ಗಣಪತಿ ಇದ್ದಾನೆ ಅಂದೆ. "ಗಣಪ ಅವ್ನಾ? ಸರಿ ಬುಡಿ" ಅಂದರು.

ಜನವರಿಯ ಮೊದಲ ವಾರ ಮಿನಿ ಬಸ್ಸಿನಲ್ಲಿ ಹೊರಟೆವು. ಹದಿನಾಲ್ಕು ಜನ, ಅವರಲ್ಲಿ ಐವರು ಹೆಂಗಸರು. ಮೊದಲ ಸಂಜೆ ಎಲ್ಲರೂ ಸಮುದ್ರದ ರಸ್ತೆಯಲ್ಲಿ ಅಡ್ಡಾಡಿದರು. ಮಾದೇಶ ಮಾತ್ರ ಹೊಸ ವರ್ಷಕ್ಕೆ ಹಾಕಿದ್ದ ಸೀರಿಯಲ್ ಸೆಟ್ಟುಗಳನ್ನು ಒಂದೊಂದಾಗಿ ನೋಡುತ್ತಾ, ವೈರಿನ ಗಂಟು ಮುಟ್ಟುತ್ತಾ ನಡೆದ. ಇವನನ್ನು ಇಷ್ಟು ದೂರ ಕರೆತಂದದ್ದು ಇದಕ್ಕೇನಾ ಎಂದು ನನಗೆ ಪಿಚ್ಚೆನಿಸಿತು. ಅಷ್ಟರಲ್ಲಿ ಚಿಕ್ಕತಾಯಮ್ಮನ ಫೋನ್.

"ಯಾರಾರು ಮಾತಾಡ್ಸುದ್ರಾ ಕಣವ್ವ?"

"ಎಲ್ಲರ ಜೊತೆ ಚೆನ್ನಾಗಿದಾರೆ ಅಮ್ಮ."

"ಎಲ್ಲಾರ್ ಜೊತೆ ಚೆನ್ನಾಗಿದ್ರೆ ಏನ್ ಬಂತು? ಒಬ್ಳ ಜೊತೆ ಇರ್ಬೇಕು."

ಎರಡನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಸುಳ್ಳು ಹೇಳುತ್ತಿರಲಿಲ್ಲ, ನಿಜವನ್ನೂ ಹೇಳುತ್ತಿರಲಿಲ್ಲ. ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು.

ಮೂರನೆಯ ಸಂಜೆ ಹೋಟೆಲಿನ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಹುಲ್ಲುಹಾಸಿನಲ್ಲಿ ಗಡಿಬಿಡಿ ಶುರುವಾಯಿತು. ಸ್ಟೇಜು ಬಂತು, ಹೂವು ಬಂತು, ನೋಡನೋಡುತ್ತಿದ್ದಂತೆ ಬಿಳಿ ಗೌನು ತೊಟ್ಟ ಮದುಮಗಳೂ ಬಂದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾವುದೋ ಕ್ರೈಸ್ತ ಕುಟುಂಬದ ಆರತಕ್ಷತೆ. ಅವರಿಗೆ ನಮ್ಮ ಪಂಚಾಂಗ ಯಾಕೆ ಬೇಕು? ಇಷ್ಟು ವರ್ಷದ ಅನುಭವದವಳಿಗೆ ಅಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮದುವೆಯಿಲ್ಲದ ಊರು ಕೇಳಿದವನನ್ನು ಮದುವೆ ಮನೆಯ ಮಗ್ಗುಲಲ್ಲೇ ಊಟಕ್ಕೆ ಕೂರಿಸಿದ್ದೆ. ಮಾದೇಶ ತಲೆ ತಗ್ಗಿಸಿ ಚಪಾತಿ ಮುರಿಯುತ್ತಿದ್ದ.

ಆಗ ಅವರ ದೀಪಗಳೆಲ್ಲ ಒಮ್ಮೆಲೇ ಆರಿದವು. ಸ್ಟೇಜು ಕತ್ತಲಾಯಿತು. ಕೂಗಾಟ. ಯಾರೋ ಏಣಿಗಾಗಿ ಓಡಿದರು, ಯಾರೋ ಟಾರ್ಚಿಗಾಗಿ. ಮಾದೇಶನ ಕಸುಬು ಗೊತ್ತಿದ್ದ ನಮ್ಮ ಮೇಜಿನವರೆಲ್ಲ ಅವನ ಕಡೆ ತಿರುಗಿದರು. ಅವನೂ ಅಭ್ಯಾಸಬಲದಿಂದ ಅರ್ಧ ಎದ್ದ. ಕೈ ಜೇಬಿನ ಟೆಸ್ಟರ್ ಹುಡುಕುತ್ತಿತ್ತು. ಹಾಗೇ ಒಂದು ಕ್ಷಣ ನಿಂತು, ಮೆಲ್ಲಗೆ ಮತ್ತೆ ಕೂತ.

"ಇದು ನಂದಲ್ಲ!" ಅಂದ.

ಹಾಗೆಂದವನಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಮೇಡಂ, ಇದು ನಂದಲ್ಲ! ಬೈಯ್ಯೋಕೆ ನನ್ನನ್ನ ಯಾರೂ ಹುಡುಕ್ತಿಲ್ಲ!" ಮೇಜಿನವರೆಲ್ಲ ನಕ್ಕರು. ಅಷ್ಟು ಹೊತ್ತಿಗೆ ಅವರ ಕೆಲಸದವನೊಬ್ಬ ಓಡಿಹೋಗಿ ದೀಪ ಹತ್ತಿಸಿದ. ಮಾದೇಶ ಮಾತ್ರ ಇನ್ನೂ ನಗುತ್ತಲೇ ಇದ್ದ. ಆ ಬೆಳಕು ಅವನ ಮುಖದ ಮೇಲೂ ಬಿದ್ದಿತ್ತು. ನನಗೆ ಬಹಳ ಸಂತೋಷವಾಯಿತು. ಅದೇ ಹೊತ್ತಿಗೆ ಫೋನ್ ಬಂತು.

"ಅದ್ಯಾರವ್ವ ಅಂಗೆ ನಗ್ತಿರೋದು?" ಎಂದರು ಚಿಕ್ಕತಾಯಮ್ಮ.

"ನಿಮ್ಮ ಮಗನೇ ಅಮ್ಮ."

ಮತ್ತೆ ಮಾತಾಡಿದಾಗ ಅದು ಅವರ ಎಂದಿನ ಗಟ್ಟಿ ದನಿಯಾಗಿರಲಿಲ್ಲ.

"ಅವರಪ್ಪನ ನಗು ಕಣವ್ವ ಅದು. ಇವನ್ಗೂ ಐತೆ ಅಂತ್ಲೇ ನಂಗೆ ಗೊತ್ತಿರ್ನಿಲ್ಲ... ಎಣ್ಣಿನ್ ಸುದ್ದಿ ಬುಡಿ. ಅವನ್ನ ಬಿರ್ನೆ ಕರ್ಕಂಬರ್ಬೇಡಿ."

ಮರುದಿನ ಸಂಜೆ ಅವರ ಫೋನ್ ಬರಲಿಲ್ಲ. ಟ್ರಿಪ್ ಮುಗಿಸಿ ವಾಪಸು ಬಂದೆವು. ಯಾರಿಗೂ ಯಾವ ಸಂಬಂಧವೂ ಕುದುರಲಿಲ್ಲ. ಒಂಟಿಕೊಪ್ಪಲ್ ಮೇಷ್ಟ್ರು ತಮ್ಮ ಮಗಳಿಗೆ ಏನೂ ಪ್ರಯೋಜನವಾಗಲಿಲ್ಲವೆಂದು ನಮ್ಮ ಮೇಲೆ ಮುನಿಸಿಕೊಂಡರು. ಮಾದೇಶ ಒಂದು ದಿನ ಬಂದು, ಕೇಳದಿದ್ದರೂ ನಮ್ಮ ಟ್ಯೂಬ್‌ಲೈಟಿನ ಚೋಕು ಬದಲಾಯಿಸಿ ಹೋದ. ತಾಯಿ ಬಂದಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮಾರನೆಯ ವರ್ಷವೂ ಡಿಸೆಂಬರ್ ಬಂತು, ಶ್ರೀಧರನ ಬೋರ್ಡೂ ಬಂತು. ಈ ಸಲ ಅದರಲ್ಲಿ ಊರಿನ ಹೆಸರು ಇತ್ತು. ಒಂದು ಬೆಳಿಗ್ಗೆ ಗಾಜಿನ ಬಾಗಿಲು ತಳ್ಳಿಕೊಂಡು ಚಿಕ್ಕತಾಯಮ್ಮ ಬಂದು ಅದೇ ಕುರ್ಚಿಯಲ್ಲಿ ಕೂತರು. ನಾನು ಪೆನ್ನು ತೆಗೆದು, "ಮಾದೇಶನಿಗೆ ಹೋದ ಸಲದ ಹಾಗೇ ಒಬ್ಬನಿಗೇ ರೂಮು ತಾನೇ?" ಅಂದೆ.

"ಅವನು ಬೇಕಾದ್ರೆ ಅವನೇ ಬತ್ತಾನೆ ಬುಡಿ" ಎಂದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು: "ಅವತ್ತು ನೀವೇ ಅಂದ್ರಲ್ಲ, ಸಿಂಗಲ್ಸು ಅಂದ್ರೆ ಜೋಡಿ ಇಲ್ದೋರು ಅಂತ. ನಾನೂ ಅದೇ ಅಲ್ವೇನವ್ವ?"

ಆ ಪದದ ಅರ್ಥ ಹೇಳಿದವಳು ನಾನು. ಹೇಳಿದ್ದೂ ಅವರ ಮುಖ ನೋಡಿಕೊಂಡೇ. ಆ ಗಳಿಗೆ ಅವರೇಕೆ ಸುಮ್ಮನಾಗಿದ್ದರೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಮಗನಿಗೆ ಜೋಡಿ ಹುಡುಕುವವರಿಗೆ ತಮ್ಮದೇ ಒಂಟಿತನ ಇರುತ್ತದೆಂದು ಇಷ್ಟು ವರ್ಷದ ಕೆಲಸ ನನಗೆ ಕಲಿಸಿರಲಿಲ್ಲ. ಅದನ್ನು ಅವರೇ ಬಂದು ಕಲಿಸಬೇಕಾಯಿತು. ಈಗ ಯಾರೇ ಬಂದು ಮನೆಯವರ ಹೆಸರು ಬರೆಸಲಿ, ಬರೆದಾದ ಮೇಲೆ "ಮತ್ತೆ ನೀವು?" ಎಂದು ಕೇಳುತ್ತೇನೆ. ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಕೆಲವರು ಕೂತು ಯೋಚಿಸುತ್ತಾರೆ.

ಅವತ್ತು ಅವರ ಹೆಸರು ಬರೆದುಕೊಂಡೆ. ಕೋಣೆ ಒಬ್ಬರಿಗೇ ಬೇಕೆಂದರು. ಸಿಂಗಲ್ ಸಪ್ಲಿಮೆಂಟಿನ ಮಾತನ್ನು ನಾನು ಎತ್ತಲಿಲ್ಲ, ಶ್ರೀಧರನೂ ಎತ್ತಲಿಲ್ಲ. ಬಾಗಿಲ ತನಕ ಹೋದವರು ತಿರುಗಿ ನಿಂತು, ದನಿ ತಗ್ಗಿಸಿ ಹೇಳಿದರು:

"ಮಾದೇಸಂಗೆ ಮಾತ್ರ ಏಳ್ಬೇಡಿ ಕಣವ್ವ."