ಭಾವ ಕತ್ತರಿಸಿದ ಎಕ್ಸ್‌ರೇ

ಆಪ್ತರೇ, ಇವತ್ತು ಅಕ್ಕನ ಮೊಣಕಾಲ ಗಂಟಿನ ಎಕ್ಸ್‌ರೇಯಲ್ಲಿ ಎಲುಬಿನೊಳಗೆ ಸಣ್ಣ ಕಲೆಯೊಂದು ಕಂಡಿತು. ಡಾಕ್ಟರ ಬಾಯಲ್ಲಿ ಗಡ್ಡೆ ಎಂಬ ಮಾತು ಕೇಳಿದ್ದೇ ಅಕ್ಕ ಬೆವರಿದಳು.

"ಹಿಂದೆ ಬಿದ್ದಾಗ ತೆಗೆಸಿದ ಎಕ್ಸ್‌ರೇ ಉಂಟಾ? ಆಗಲೂ ಇದು ಇಷ್ಟೇ ಇದ್ದಿದ್ರೆ ಹೆದರ್ಲಿಕ್ಕಿಲ್ಲ. ಇಲ್ಲದಿದ್ರೆ ಸೂಜಿ ಹಾಕಿ ಚೂರು ತೆಗೆದು ನೋಡ್ಬೇಕು" ಎಂದರು ಡಾಕ್ಟರು.

ಶಕ್ತಿನಗರದ ಮನೆಯಲ್ಲಿದ್ದ ಭಾವನಿಗೆ ಫೋನ್ ಮಾಡಿದೆ. "ಅದನ್ನು ಗ್ರಹಣದ ದಿನ ತುಂಡು ಮಾಡಿ ನೆರೆಕರೆಯವರಿಗೆ ಕೊಟ್ಟೆನಲ್ಲ ಮಾರಾಯ, ಸೂರ್ಯನನ್ನು ನೋಡ್ಲಿಕ್ಕೆ!"

ಅಕ್ಕ ಫೋನ್ ಕಸಿದುಕೊಂಡಳು. "ನನ್ನ ಕಾಲನ್ನು ಊರಿಗೆಲ್ಲ ಹಂಚಿದ್ರಾ ನೀವು?"

"ಕಪ್ಪು ಭಾಗ ಮಾತ್ರ ಹೋದದ್ದು. ಎಲುಬಿನ ಭಾಗ ಬಿಳಿ ಅಲ್ವಾ, ಅದು ಯಾರಿಗೂ ಬೇಡ. ಕಪಾಟಿನ ಮೇಲೆ ಉಂಟು."

ಭಾವ ಅದನ್ನು ರಿಕ್ಷಾದಲ್ಲಿ ತಂದರು. ಡಾಕ್ಟರು ಹೊಸತರ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದರು. ನಾನೂ ಕತ್ತು ಚಾಚಿ ನೋಡಿದೆ. ಅದೇ ಕಲೆ, ಅದೇ ಅಳತೆ! ಹೊಸ ಚಿತ್ರ ಕಲೆಯನ್ನು ತೋರಿಸಿತು. ಅದರ ವಯಸ್ಸು ಹೇಳಲು ಹಳೆಯ ತುಂಡೇ ಬೇಕಾಯಿತು.

"ಸೂಜಿ ಬೇಡ. ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ನೋಡುವ" ಎಂದರು ಡಾಕ್ಟರು.

ಭಾವ ಎದೆಯುಬ್ಬಿಸಿದರು. "ನೋಡು, ನಾನು ಕತ್ತರಿಸಿದ್ದಕ್ಕೇ ಇದು ಉಳಿದದ್ದು. ಇಡೀ ಇದ್ದಿದ್ರೆ ಯಾರಾದ್ರೂ ಕೊಂಡುಹೋಗ್ತಿದ್ರು."

ಬೆಳಗ್ಗೆಯಿಂದ ನನ್ನ ಹೆಗಲು ಹಿಡಿದೇ ನಡೆಯುತ್ತಿದ್ದ ಅಕ್ಕ, ಒಬ್ಬಳೇ ಸರಸರ ನಡೆದು ರಿಕ್ಷಾ ಹತ್ತಿದಳು.