ಕೋವಿಯ ಮೂರನೆಯ ನಂಬರ್

ಆ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಶನಿವಾರ. ನಾನು ಕಲಿಸುವ ಶಾಲೆ ಬೆಳಗ್ಗೆಯೇ ಬಿಟ್ಟಿತ್ತು. ನಮ್ಮವರು ಜಗಲಿಯಲ್ಲಿ ಗೋಣಿ ಹಾಸಿ, ತಮ್ಮ ಒಂಟಿ ನಳಿಗೆಯ ಕೋವಿ ಬಿಚ್ಚಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಹೊನ್ನೆ ಎಣ್ಣೆಯ ಬಟ್ಟಲು, ಹಳೆಯ ಬಟ್ಟೆ.

"ಲೈಸೆನ್ಸ್ ಪುಸ್ತಕ ತಕಂಡು ಬಾ. ಓದು" ಎಂದರು.

ವರ್ಷಕ್ಕೊಮ್ಮೆ ಮಾಮಲೇದಾರ ಕಚೇರಿಗೆ ಲೈಸೆನ್ಸ್ ಒಯ್ಯುವ ಮೊದಲು ಇದು ನಮ್ಮ ಮನೆಯ ಪದ್ಧತಿ. (ಮೈಸೂರು ರಾಜ್ಯ ಆದ ಮೇಲೆ ತಹಸೀಲ್ದಾರರು ಎನ್ನಬೇಕಂತೆ. ನಮ್ಮ ಬಾಯಿಗೆ ಇನ್ನೂ ಮಾಮಲೇದಾರರೇ.) ನಾನು ಪುಸ್ತಕ ನೋಡಿ ನಂಬರ್ ಓದಬೇಕು. ಅವರು ಕೋವಿ ನೋಡಿ "ಸರಿ" ಎನ್ನಬೇಕು. ಹೀಗೆ ಮೂರು ಸಲ, ಕೋವಿಯ ಮೂರು ಕಡೆ ಅದೇ ನಂಬರ್ ಇರುವುದರಿಂದ. ನಳಿಗೆಯ ಮೇಲಿನದು ಒಂದು, ತೋಟೆ ತುಂಬುವ ಕಡೆಯ ಕಬ್ಬಿಣದ ಮೇಲಿನದು ಇನ್ನೊಂದು. ಮೂರನೆಯದು ಹೊರಗೆ ಕಾಣುವುದಿಲ್ಲ. ಎಡಗೈಯಲ್ಲಿ ಹಿಡಿಯುವ ಮರದ ತುಂಡನ್ನು ಬಿಚ್ಚಿದರೆ ಅದರ ಅಡಿಯಲ್ಲಿ ಇರುತ್ತದೆ. ಆ ಮರದ ಸ್ಕ್ರೂ ತಿರುಗಿಸಲೆಂದೇ ಅವರ ಹತ್ತಿರ ಅಂಚು ಸವೆದ ತಾಮ್ರದ ಕಾಸೊಂದಿತ್ತು.

"ಎರಡು, ಸೊನ್ನೆ, ನಾಲ್ಕು, ಒಂದು, ಏಳು."

"ಸರಿ."

"ಹೋದ ವರ್ಷ ಇದ್ದ ನಂಬರ್ ಈ ವರ್ಷ ಬದಲಾಗ್ತದ್ಯಾ?" ಎಂದು ಕೇಳಿದೆ. (ಮದುವೆಯಾದ ವರ್ಷದಿಂದ ಕೇಳುತ್ತಿದ್ದೆ.)

"ಹಾಜರಿ ಪುಸ್ತಕದಲ್ಲಿ ದಿನಾ ಅವೇ ಹೆಸರು ಕೂಗ್ತ್ಯಲ್ಲ, ಅದೆಂತಕ್ಕೆ?" ಎಂದರು.

ಮರದ ತುಂಡು ಸ್ವಲ್ಪ ಅಲುಗಾಡುತ್ತಿತ್ತು. ಬಟ್ಟೆ ಕೇಳಿದರು. ನಾನು ಬಣ್ಣ ಹೋದ ನೀಲಿ ಸೀರೆಯಿಂದ ಒಂದು ಚೂರು ಹರಿದು ಕೊಟ್ಟೆ. ಅದನ್ನು ಮರದ ಅಡಿಗೆ ಇಟ್ಟು ಸ್ಕ್ರೂ ಬಿಗಿದರು. ಆಮೇಲೆ ಊಟ ಮಾಡಿದೆವು.

ಮರುದಿನ ಹೊನ್ನಾವರದಲ್ಲಿ ಮದುವೆ. ಸಂಜೆ ನಮ್ಮೂರು ಸಂತೆಗುಳಿಗೆ ಮರಳಿದಾಗ ಹಿಂಬಾಗಿಲ ಚಿಲಕ ಮುರಿದಿತ್ತು. ತಾಮ್ರದ ಹಂಡೆ ಇತ್ತು. ಪೆಟ್ಟಿಗೆಯಲ್ಲಿ ನನ್ನ ಚಿನ್ನದ ಓಲೆ ಇತ್ತು. ಕೋವಿ ಇರಲಿಲ್ಲ.

ನಮ್ಮವರು ಅಂದೇ ಕುಮಟೆಗೆ ಹೋಗಿ ಪೊಲೀಸರಿಗೆ ಫಿರ್ಯಾದಿ ಬರೆಸಿ ಬಂದರು. ಆದರೆ ಊರ ಚಾ ಅಂಗಡಿಯಲ್ಲಿ ಅವರು ಮರಳುವ ಮೊದಲೇ ತೀರ್ಪು ಆಗಿತ್ತು.

"ಹಂಡೆ ಬಿಟ್ಟು ಕೋವಿ ಒಂದೇ ಒಯ್ಯೂ ಕಳ್ಳ ಎಲ್ಲಿದ್ದ ಮಾರಾಯ್ರೆ?" ಎಂದು ಒಬ್ಬರು ಕೇಳಿದರಂತೆ. ಎಲ್ಲರೂ ನಕ್ಕರಂತೆ.

ಅರ್ಥವಾಯಿತಲ್ಲ? ಕಾಡಿನಲ್ಲಿ ಕಳ್ಳಬೇಟೆ ಆಡುವವರಿಗೆ ಇವರೇ ಕೋವಿ ಮಾರಿ, ಕಳುವಾಯಿತೆಂದು ಬರೆಸಿದ್ದಾರೆ! ಮಾತು ಕಚೇರಿಗೂ ಮುಟ್ಟಿತು. ಲೈಸೆನ್ಸ್ ರದ್ದಾಯಿತು. ಕಾಗದದಲ್ಲಿ "ಸಂಶಯಾಸ್ಪದ" ಎಂಬ ಪದವಿತ್ತು.

ಅವರು ಯಾರೊಡನೆಯೂ ಜಗಳವಾಡಲಿಲ್ಲ. ಚಾ ಅಂಗಡಿಗೆ ಹೋಗುವುದನ್ನು ಬಿಟ್ಟರು, ಅಷ್ಟೇ. ಮುಂದಿನ ಮಳೆಗಾಲದಲ್ಲಿ ಎಂಟು ದಿನ ಜ್ವರ ಬಂತು. ಒಂಬತ್ತನೆಯ ದಿನ ಅವರಿರಲಿಲ್ಲ. ಆ ಎಂಟು ದಿನಗಳಲ್ಲಿ ಅವರು ಕೋವಿಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. "ನೀವು ಮಾರಿಲ್ಲ ಎಂದು ನನಗೆ ಗೊತ್ತು" ಎಂದು ಒಮ್ಮೆ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ತಿಂಗಳು ಕಳೆದ ಮೇಲೆ ಒಂದು ವಿಚಾರ ಹೊಳೆಯಿತು. ಕೋವಿಯನ್ನು ಕದ್ದವನು ಅದನ್ನು ಎಂದಾದರೂ ಮಾರಲೇಬೇಕು. ಮಾರಿದರೆ ಕೊಳ್ಳುವವನೊಬ್ಬ ಇರಲೇಬೇಕು. ಅವನು ನನ್ನನ್ನು ಕರೆಯುವಂತೆ ಮಾಡಿದರೆ ಸಾಕಲ್ಲ?

ಅಂದಿನಿಂದ ನಮ್ಮ ಶಾಲೆಯ ಮಕ್ಕಳ ತಂದೆ-ತಾಯಿಯರಿಗೆ, ಬಸ್ಸಿನಲ್ಲಿ ಸಿಕ್ಕವರಿಗೆ, ಶಿಕ್ಷಕರ ಸಭೆಗೆ ಬಂದವರಿಗೆ, ಎಲ್ಲರಿಗೂ ಹೇಳತೊಡಗಿದೆ: ಕುಮಟೆಯಿಂದ ಭಟ್ಕಳದವರೆಗೆ ಯಾರು ಹಳೇ ಕೋವಿ ಕೊಂಡರೂ ಮೊದಲು ನನಗೆ ತಿಳಿಸಿ. ನಾನು ಬಂದು ನಂಬರ್ ನೋಡಿಕೊಡುತ್ತೇನೆ. ಬಸ್ ಚಾರ್ಜ್ ನನ್ನದೇ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವೆ. ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತೇವೆ. ಕೋವಿ ಕೊಳ್ಳುವಾಗ ಮಾತ್ರ ಅದನ್ನು ಮಣೆಯ ಮೇಲಿಟ್ಟು ಗಂಧ ಹಚ್ಚಿ, ಕಾಯಿ ಒಡೆದುಬಿಡುತ್ತೇವೆ! ಕಾಯಿ ಒಡೆದ ಮೇಲೆ ಮಾತಿಲ್ಲ. ವ್ಯವಹಾರ ಮುಗಿಯಿತು. ಪುಸ್ತಕ ತೋರಿಸಿ ಎಂದರೆ ಮಾರುವವರಿಗೆ ಅವಮಾನ. ಮರ ಬಿಚ್ಚಿ ಎಂದರೆ ಕೇಳುವುದೇ ಬೇಡ.

ನಗುವವರು ನಕ್ಕರು. "ಕೋವಿ ಅಕ್ಕೋರು" ಎಂದು ಹೆಸರಿಟ್ಟರು. (ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ.) ಹಿರೇಗುತ್ತಿಯಲ್ಲಿ ಒಬ್ಬಾಕೆ, "ಅಕ್ಕೋರೆ, ಹೆಣ್ಣು ನೋಡೂಕೆ ಬಂದಂಗೆ ಬಂದ್ರಿ. ಕುಲ, ಗೋತ್ರ ಎಲ್ಲಾ ಕೇಳ್ತ್ರೋ ಹೆಂಗೆ?" ಎಂದಳು. ಹೌದಮ್ಮ, ಕೇಳುತ್ತೇನೆ ಎಂದೆ. ಅಲ್ಲಿ ಕೇಳಿದ್ದಕ್ಕೇ ತಿಳಿದದ್ದು, ಲೈಸೆನ್ಸ್ ಇದ್ದದ್ದು ತೀರಿಹೋದ ಅಣ್ಣನ ಹೆಸರಿನಲ್ಲಿ, ಮಾರಲು ಹೊರಟಿದ್ದವನು ತಮ್ಮ. ಮೊದಲು ಕಚೇರಿಗೆ ಹೋಗಿ ಸರಿಮಾಡಿಸಿಕೊಳ್ಳಿ ಎಂದು ಹೇಳಿ ಬಂದೆ.

ಎರಡು ವರ್ಷಗಳಲ್ಲಿ ಆರು ಕೋವಿ ನೋಡಿದೆ. ಯಾವುದೂ ನಮ್ಮದಲ್ಲ.

ಕಳೆದ ಚಳಿಗಾಲದಲ್ಲಿ ಭಟ್ಕಳ ಕಡೆಯ ಬೆಳಕೆ ಊರಿನಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಬರೆದವರು ತಿಮ್ಮಪ್ಪ, ಹಂದಿ ಕಾಟಕ್ಕೆ ಬೇಸತ್ತ ರೈತರು. ಅವರ ಮಗಳು ಮೊದಲು ನನ್ನ ಶಾಲೆಯಲ್ಲಿದ್ದಳು. "ಭಟ್ಕಳದಲ್ಲಿ ಕೋವಿ ಗೊತ್ತು ಮಾಡಿದ್ದೇನೆ. ಭಾನುವಾರ ಕಾಯಿ ಒಡೆಯುವುದು. ಅಕ್ಕೋರು ಬರಬೇಕು."

ಹೋದೆ. ಹೊನ್ನಾವರದವರೆಗೆ ಬಸ್ಸು, ಶರಾವತಿ ದಾಟಲು ಲಾಂಚು, ಆಚೆ ದಡದಿಂದ ಮತ್ತೆ ಬಸ್ಸು. ಮಾರುವವರು ಒಬ್ಬ ಕಟ್ಟಿಗೆ ವ್ಯಾಪಾರಿ, ಸಾಹುಕಾರರು. ನನ್ನನ್ನು ನೋಡಿ ಅವರಿಗೆ ನಗು ತಡೆಯಲಿಲ್ಲ.

"ಎಂತ ತಿಮ್ಮಪ್ಪ, ಕೋವಿ ತಕಂಬೂಕೆ ಅಕ್ಕೋರನ್ನ ಕರ್ಕಂಡು ಬಂದ್ಯಾ? ಮಗ್ಗಿ ಹೇಳ್ಸೂಕಾ?"

ಮಣೆಯ ಮೇಲೆ ಕೋವಿ ಇತ್ತು. ಅವರ ಪುಸ್ತಕ ತೆಗೆದು ಓದಿದೆ. ನಳಿಗೆಯ ಮೇಲಿನ ನಂಬರ್ ತಾಳೆಯಾಯಿತು. ಕಬ್ಬಿಣದ ಮೇಲಿನದೂ ತಾಳೆಯಾಯಿತು. ಎರಡೂ ನಮ್ಮ ನಂಬರಲ್ಲ.

"ಆತಲ್ಲ?" ಎಂದರು ಸಾಹುಕಾರರು. ತಿಮ್ಮಪ್ಪ ಕಾಯಿ ಎತ್ತಿದರು.

"ತಡೀರಿ ತಿಮ್ಮಪ್ಪ. ಇನ್ನೊಂದು ನಂಬರ್ ಅದೆ."

"ಮರ ಬಿಚ್ಚೂದು ಬ್ಯಾಡ. ಬಿಗಿ ಹೋಗ್ತದೆ" ಎಂದರು ಸಾಹುಕಾರರು. ನಗು ಸ್ವಲ್ಪ ಕಡಿಮೆಯಾಗಿತ್ತು. "ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಇದೆ ಸಾಹುಕಾರ್ರೆ. ನಂಬಿಕೆ ಇದ್ದ ಮಕ್ಕಳದ್ದೂ ನಾನು ಪಾಟಿ ನೋಡೇ ಮಾರ್ಕು ಹಾಕೂದು."

ಚೀಲದಿಂದ ನಮ್ಮವರ ತಾಮ್ರದ ಕಾಸು ತೆಗೆದೆ. ಸ್ಕ್ರೂ ಮೂರು ಸುತ್ತು ತಿರುಗಿತು. ಮರ ಕೈಗೆ ಬಂತು. ಮೊದಲು ಕೆಳಗೆ ಬಿದ್ದದ್ದು ಎಣ್ಣೆ ಹಿಡಿದ ನೀಲಿ ಬಟ್ಟೆಯ ಚೂರು.

ಮರದ ಅಡಿಯ ನಂಬರನ್ನು ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವ ಹಾಗೆ ಓದಿದೆ.

"ಎರಡು! ಸೊನ್ನೆ! ನಾಲ್ಕು! ಒಂದು! ಏಳು!"

"ಅದು ಕಂಪನಿಯವ್ರು ಹಾಕಿದ ಬೇರೆ ನಂಬರು" ಎಂದರು ಸಾಹುಕಾರರು.

"ಅಲ್ಲ. ಅದು ನಮ್ಮ ಮನೆಯವರ ನಂಬರು" ಎಂದೆ.

ತಿಮ್ಮಪ್ಪ ಆಳು ದೊಡ್ಡವರು. ಎದ್ದು ಹೋಗಿ ಹೊಸ್ತಿಲ ಮೇಲೆ ಕುಳಿತರು. ಬಾಗಿಲು ತುಂಬಿತು. "ಅಕ್ಕೋರೆ, ನೀವು ಹೋಗಿ ಪೊಲೀಸ್ರನ್ನ ಕರೀರಿ. ನಾ ಇಲ್ಲೇ ಕೂತಿರ್ತೆ. ಕಾಯಿ ನನ್ನ ಕೈಲೇ ಅದೆ" ಎಂದರು.

ಆಮೇಲೆ ತಿಳಿದದ್ದು ಇಷ್ಟು. ಸಾಹುಕಾರರ ಸ್ವಂತ ಕೋವಿ ನಳಿಗೆ ಒಡೆದು ಹಾಳಾಗಿತ್ತು. ಪುಸ್ತಕ ಉಳಿದಿತ್ತು. ಪುಸ್ತಕಕ್ಕೆ ಒಂದು ಕೋವಿ ಬೇಕಿತ್ತು. ಅವರ ಲಾರಿ ಕಟ್ಟಿಗೆಗೆಂದು ನಮ್ಮ ಕಡೆ ಬರುತ್ತಿತ್ತು. ನಾವು ಮದುವೆಗೆ ಹೋದ ದಿನವೂ ಬಂದಿತ್ತು. ಹೊರಗೆ ಕಾಣುವ ಎರಡು ನಂಬರನ್ನು ಅರದಿಂದ ಉಜ್ಜಿ, ತಮ್ಮ ಪುಸ್ತಕದ್ದನ್ನು ಹೊಡೆಸಿದ್ದರು. ಒಳಗೊಂದು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿದ ಕೈ ಬೇಕು.

ಕುಮಟೆಯ ಠಾಣೆಯಲ್ಲಿ ಫೌಜದಾರರು ಹಳೇ ಫಿರ್ಯಾದಿ ಹುಡುಕಿ ತೆಗೆಸಿ, ನನ್ನೆದುರೇ ಓದಿದರು. ಮೂರು ಕಡೆ ನಂಬರ್ ಇರುವುದನ್ನು ನಮ್ಮವರು ಬರೆಸಿದ್ದರು. ಕೆಳಗೆ ಇನ್ನೊಂದು ಸಾಲಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. "ಮುಂದಿನ ಮರದ ಅಡಿಯಲ್ಲಿ ನನ್ನ ಹೆಂಡತಿಯ ನೀಲಿ ಸೀರೆಯ ಚೂರು ಇರುತ್ತದೆ."

ಫೌಜದಾರರು ಮೇಜಿನ ಮೇಲಿದ್ದ ಚೂರನ್ನು ನೋಡಿದರು. ನನ್ನನ್ನು ನೋಡಿದರು. "ಮಾರಿದವ್ರು ಹೀಂಗೆಲ್ಲ ಬರೆಸೂದಿಲ್ಲ ಅಕ್ಕೋರೆ" ಎಂದರು. ಫಿರ್ಯಾದಿ ನಿಜವೆಂದು ಬರೆದುಕೊಡಿ ಎಂದು ಕೇಳಿದೆ. ಸಹಿ, ಸಿಕ್ಕಾ ಹಾಕಿ ಕೊಟ್ಟರು.

ಆ ಕಾಗದವನ್ನು ನಾನು ಮನೆಗೆ ಒಯ್ಯಲಿಲ್ಲ. ಬಸ್ಸಿಳಿದು ನೆಟ್ಟಗೆ ಚಾ ಅಂಗಡಿಗೆ ಹೋದೆ. (ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಗೊತ್ತು.) ಮೆಟ್ಟಿಲ ಮೇಲೆ ನಿಂತು, ತಾರೀಖಿನಿಂದ ಸಿಕ್ಕಾದವರೆಗೆ ಪೂರ್ತಿ ಓದಿದೆ. ಹಂಡೆಯ ಮಾತಾಡಿದ್ದವರೂ ಅಲ್ಲೇ ಇದ್ದರು. ಅವರೇ ಮೊದಲು ಎದ್ದು ನಿಂತರು.

"ತಪ್ಪಾತು ಅಕ್ಕೋರೆ. ನನ್ನ ಬಾಯಿಂದಲೇ ಹೊರಟದ್ದು" ಎಂದರು. "ಒಂದು ಚಾ ಕುಡೀರಿ."

ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಆದರೂ ಅಷ್ಟು ಒಳ್ಳೆಯ ಚಾ ನಾನು ಕುಡಿದದ್ದಿಲ್ಲ!

ತಿಮ್ಮಪ್ಪ ಆ ಕಾಯಿಯನ್ನು ಬೆಳಕೆಯ ದೇವಸ್ಥಾನದಲ್ಲಿ ನಮ್ಮವರ ಹೆಸರು ಹೇಳಿ ಒಡೆಸಿದರಂತೆ. ಬೇರೆ ಕೋವಿ ನೋಡುತ್ತಿದ್ದಾರೆ. ಈ ಸಲ ಸ್ಕ್ರೂ ತಿರುಗಿಸಲು ತಾವೇ ಒಂದು ನಯಾ ಪೈಸೆ ಇಟ್ಟುಕೊಂಡಿದ್ದಾರೆ. ನೀವೂ ಇಟ್ಟುಕೊಳ್ಳಿ. ಮಾರುವವರಿಗೆ ಸಿಟ್ಟು ಬಂದರೆ ಬರಲಿ. ಪ್ರಾಮಾಣಿಕರ ಸಿಟ್ಟು ಒಂದು ಚಾ ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಕೋವಿಯಿಂದ ಒಮ್ಮೆ ಕೆಟ್ಟ ಹೆಸರು ತೊಳೆಯಲು ಎಷ್ಟು ದಿನ ಬೇಕೆಂದು ನನ್ನನ್ನು ಕೇಳಿ.

ಕೇಸು ಮುಗಿದು ಕಳೆದ ವಾರ ಕೋವಿ ಮನೆಗೆ ಬಂತು. ಉಜ್ಜಿದ ಎರಡು ಕಡೆ ಹಳೆಯ ನಂಬರನ್ನೇ ಮತ್ತೆ ಹೊಡೆಸಿಕೊಟ್ಟಿದ್ದಾರೆ. ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಗೋಣಿ ಹಾಸಿದೆ. ಬಿಚ್ಚಿದೆ, ಒರೆಸಿದೆ. ಪುಸ್ತಕ ತೆಗೆದು ಮೂರು ಸಲವೂ ಗಟ್ಟಿಯಾಗಿ ಓದಿದೆ.

"ಸರಿ" ಎನ್ನುವವರು ಮನೆಯಲ್ಲಿ ಇಲ್ಲ.